ಹಸು ಒಪ್ಪಿದರೆ ಮನೆಗೆ

ಗುಬ್ಬಿಯಿಂದಾಚೆ, ತೆಂಗಿನ ತೋಟದ ನಡುವೆ ಇರುವ ಚಿಕಿತ್ಸಾ ಕೇಂದ್ರ ಅದು. ಆ ಭಾನುವಾರ ಸಂಜೆ ಅದರ ಕೊಟ್ಟಿಗೆಯ ಮುಂದೆ ಐದು ಜನ ಇದ್ದೆವು: ತುಮಕೂರಿನ ಉಪ್ಪಾರಹಳ್ಳಿಯಿಂದ ಹೋಗಿದ್ದ ನಾನು, ಕುಣಿಗಲ್ ಕಡೆಯ ಹಳ್ಳಿಯಿಂದ ಬಂದಿದ್ದ ನನ್ನ ಅತ್ತೆ, ಕುಡಿತ ಬಿಡಲು ಎರಡೂವರೆ ತಿಂಗಳಿಂದ ಅಲ್ಲೇ ಇದ್ದ ಅವರ ಗಂಡ ಅಂದರೆ ನನ್ನ ಸೋದರಮಾವ, ಅಲ್ಲಿನ ಡಾಕ್ಟರಮ್ಮ, ಮತ್ತು ಕಿವಿಯಲ್ಲಿ ಯಾರೋ ಮಾತಾಡಿದಂತೆ ಕೇಳುವ ಕಾಯಿಲೆಗೆ ವರ್ಷಗಳಿಂದ ಮಾತ್ರೆ ನುಂಗುತ್ತಿದ್ದ ಒಬ್ಬ ಮೇಷ್ಟ್ರು. ಹಸುವನ್ನೂ ಸೇರಿಸಿದರೆ ಆರು. ಸೇರಿಸಲೇಬೇಕು, ತೀರ್ಪು ಹೇಳಬೇಕಾದದ್ದು ಅದೇ.

ಅಲ್ಲಿ ಬಂದವರಿಗೆಲ್ಲ ಮಾತ್ರೆಯ ಜೊತೆಗೆ ಒಂದೊಂದು ಪ್ರಾಣಿಯನ್ನೂ ಒಪ್ಪಿಸುತ್ತಿದ್ದರು. ಒಬ್ಬರಿಗೆ ಮೊಲ, ಒಬ್ಬರಿಗೆ ನಾಯಿ, ಒಬ್ಬರಿಗೆ ಕೋಳಿ. ಬೆಳಗ್ಗೆ ಕಣ್ಣು ಬಿಟ್ಟಾಗ ತಮ್ಮ ಕೈನಡುಕಕ್ಕಿಂತ ಮೊದಲು ಇನ್ನೊಂದು ಜೀವದ ಹಸಿವು ನೆನಪಾಗಲಿ ಎಂಬುದು ಡಾಕ್ಟರಮ್ಮನ ಯೋಚನೆ. ಮಾವನಿಗೆ ಹಸು ಬಂತು, ಮೇಷ್ಟ್ರಿಗೆ ಅದರ ಕರು.

ಮಾವನಿಗೂ ಹಸುಗಳಿಗೂ ಹಳೇ ವೈಮನಸ್ಸು. ಮನೆಯ ಹಸುಗಳು ಎಷ್ಟೋ ವರ್ಷದಿಂದ ಅವರನ್ನು ಕೆಚ್ಚಲ ಹತ್ತಿರ ಬಿಟ್ಟುಕೊಂಡಿರಲಿಲ್ಲ. ಕುಡಿದ ವಾಸನೆ ಮೂಗಿಗೆ ತಾಗಿದರೆ ಸಾಕು, ಝಾಡಿಸಿ ಒದೆಯುತ್ತಿದ್ದವು. ಆದ್ದರಿಂದಲೇ, "ಗುಣ ಕಾಣ್ತಿದೆ, ತಿಂಗಳ ಕೊನೆಗೆ ಕರ್ಕೊಂಡು ಹೋಗಬಹುದು" ಎಂದು ಡಾಕ್ಟರಮ್ಮ ಫೋನ್ ಮಾಡಿದಾಗ ಅತ್ತೆ ತಮ್ಮ ಷರತ್ತು ಹೇಳಿಬಿಟ್ಟಿದ್ದರು.

"ನಿಮ್ ಸರ್ಟಿಫಿಕೇಟ್ ತಕಂಡು ಏನ್ ಮಾಡ್ಲಿ ಡಾಕ್ಟ್ರಮ್ಮ? ಈ ಮನುಷ್ಯ ನನ್ನ ಏಮಾರ್ಸವ್ರೆ. ಯಡಿಯೂರಲ್ಲಿ ಮೂರ್ ಸಲ ಆಣೆ ಮಾಡಿ ದೇವ್ರನ್ನೇ ಏಮಾರ್ಸವ್ರೆ. ಹಸುನ ಏಮಾರ್ಸಕ್ಕಾಗಲ್ಲ. ನನ್ ಕಣ್ಮುಂದೆ ಹಾಲು ಕರೀಲಿ, ಕರ್ಕಂಡು ಹೋಯ್ತೀನಿ. ಇಲ್ದಿದ್ರೆ ನೀವೇ ಇಟ್ಕಳಿ."

ಹಸು ಒಪ್ಪಿಸಿರುವುದು ಪರೀಕ್ಷೆಗಲ್ಲ ಎಂದು ಡಾಕ್ಟರಮ್ಮ ವಿವರಿಸಿದರು. ಅತ್ತೆ ಪೂರ್ತಿ ಕೇಳಿಸಿಕೊಂಡು, "ಎಷ್ಟೊತ್ತಿಗೆ ಕರಿಯೋದು?" ಎಂದರಂತೆ.

ಮಾವ ಒಳಗಿನಿಂದ ಬಂದ ರೂಪ ನೋಡಬೇಕಿತ್ತು. ನುಣ್ಣಗೆ ಗಡ್ಡ ಹೆರೆದು, ತಲೆಗೆ ಎಣ್ಣೆ ಮೆತ್ತಿ, ಯಾರದೋ ಬಿಳಿ ಶರ್ಟು ತೊಟ್ಟು, ಕತ್ತಿಗೆ ಪೌಡರ್ ಬಳಿದಿದ್ದರು. ಹತ್ತು ಮಾರು ದೂರಕ್ಕೆ ಸೆಂಟು ಗಮ್ಮೆನ್ನುತ್ತಿತ್ತು.

"ಏನು, ಹೆಣ್ ನೋಡಕ್ ಬಂದ್ರಾ?" ಎಂದರು ಅತ್ತೆ.

"ಹೂಂ ಕಣೇ. ನಿನ್ನೇ."

ಮಾವ ಬಕೆಟ್ ಹಿಡಿದು ಕೂತರು. ಹಸು ಕತ್ತು ತಿರುಗಿಸಿ ಮೂಸಿತು, ಬುಸ್ ಎಂದಿತು, ಒದ್ದೇ ಒದ್ದಿತು. ಬಕೆಟ್ ಉರುಳಿಕೊಂಡು ನನ್ನ ಕಾಲ ಬಳಿ ಬಂತು.

ಯಾರೂ ನಗಲಿಲ್ಲ. ಕುಡಿದು ಬಂದ ದಿನಗಳಲ್ಲೆಲ್ಲ ಮಾವ ಸೆಂಟು ಬಳಿದುಕೊಂಡೇ ಮನೆಗೆ ಬರುತ್ತಿದ್ದರು. ಅದು ಅತ್ತೆಗೂ ಗೊತ್ತು, ನನಗೂ ಗೊತ್ತು.

"ನೋಡುದ್ರಾ ಡಾಕ್ಟ್ರಮ್ಮ? ಆ ವಾಸ್ನೆ ಬಂದಾಗ್ಲೇ ಅನ್ಕಂಡೆ" ಎಂದು ಅತ್ತೆ ಬ್ಯಾಗು ಎತ್ತಿಕೊಂಡರು.

"ಕುಡ್ದಿಲ್ಲ ಕಣೇ" ಎಂದರು ಮಾವ. ಪಾಪ, ಅದೇ ಮಾತನ್ನು ಎಷ್ಟು ಸಲ ಸುಳ್ಳಾಗಿ ಹೇಳಿದ್ದರೆಂದರೆ, ನಿಜವಾಗಿ ಹೇಳಬೇಕಾದ ದಿನ ಅದಕ್ಕೆ ತೂಕವೇ ಉಳಿದಿರಲಿಲ್ಲ.

ಆಗ ಕರುವಿನ ಹಗ್ಗ ಹಿಡಿದಿದ್ದ ಮೇಷ್ಟ್ರು ಬಾಯಿ ಬಿಟ್ಟರು. ಮಾವನನ್ನು ನೋಡಲು ಪ್ರತಿ ಭಾನುವಾರ ಹೋಗುತ್ತಿದ್ದ ನಾನು ಅವರ ದನಿ ಕೇಳಿದ್ದು ಅದೇ ಮೊದಲು.

"ಅಮ್ಮಾ, ಹಸುಗೆ ಗುರ್ತು ಸಿಕ್ಕಿಲ್ಲ. ದಿನಾ ಸಗಣಿ ಮೆತ್ತಿರೋ ಲುಂಗೀಲಿ ಕೂರೋರು ಇವತ್ತು ಮದುಮಗನ ಥರ ಬಂದು ಕೂತವ್ರೆ. ಅದು ಯಾರು ಅನ್ಕಬೇಕು?" ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿ ಗಂಭೀರವಾಗಿ ಹೇಳಿದರು: "ಮೇಡಂ, ಇದು ಕಿವೀಲಿ ಮಾತಾಡೋರು ಹೇಳಿದ್ದಲ್ಲ. ನಾನೇ ಹೇಳ್ತಿರೋದು."

"ಗೊತ್ತಾಯ್ತು ಮೇಷ್ಟ್ರೇ. ಅವರಿಗೆ ಇಷ್ಟು ಬುದ್ಧಿ ಎಲ್ಲಿದೆ?" ಎಂದರು ಡಾಕ್ಟರಮ್ಮ. ಮೇಷ್ಟ್ರಿಗೆ ನಗು ಬಂತು. ಕರುವಿನ ಬೆನ್ನ ಮೇಲೆ ಮುಖ ಇಟ್ಟು ನಕ್ಕರು.

ಮಾವ ಶರ್ಟು ಬಿಚ್ಚಿ ತೊಟ್ಟಿಯ ನೀರಲ್ಲಿ ಕತ್ತು, ಮುಖ, ಎದೆ ಉಜ್ಜಿ ಉಜ್ಜಿ ತೊಳೆದರು. ಗೂಟಕ್ಕೆ ನೇತುಹಾಕಿದ್ದ ಲುಂಗಿ ಉಟ್ಟು ಬಂದು ಕೂತರು. ಹಸು ಮತ್ತೆ ಮೂಸಿತು. ತುಸು ಹೊತ್ತು ಯೋಚಿಸಿದಂತೆ ನಿಂತು, ಆಮೇಲೆ ಅವರ ಭುಜವನ್ನು ಒರಟಾಗಿ ನೆಕ್ಕಿತು. ಮೇಷ್ಟ್ರು ಕರು ಬಿಟ್ಟು, ನಾಲ್ಕು ಗುಟುಕು ಕುಡಿಸಿ ಎಳೆದುಕೊಂಡರು. ಬಕೆಟ್ಟಿನ ತಳಕ್ಕೆ ಹಾಲು ಸರ್ ಸರ್ ಎಂದು ಬಿತ್ತು.

ಅತ್ತೆ ಬ್ಯಾಗನ್ನು ಕೈಯಲ್ಲೇ ಹಿಡಿದು ಕೊನೆಯವರೆಗೂ ನಿಂತಿದ್ದರು. ಆಮೇಲೆ ಹತ್ತಿರ ಬಂದು ಬಕೆಟ್ ಬಗ್ಗಿ ನೋಡಿದರು.

"ನೊರೆ ಸಾಲ್ದು. ಕೈ ಮರ್ತೋಗೈತೆ ನಿಮ್ಗೆ."

"ಮನೇಲಿ ಹೇಳ್ಕೊಡು" ಎಂದರು ಮಾವ.

ಅತ್ತೆ ಸೆರಗಿನಿಂದ ಅವರ ಒದ್ದೆ ಕತ್ತು ಒರೆಸಿದರು. ಕತ್ತು ಮುರಿದುಬಿಡುತ್ತಾರೇನೋ ಎನ್ನುವಷ್ಟು ಜೋರಾಗಿ.

ತಿಂಗಳ ಕೊನೆಗೆ ಮಾವ ಮನೆಗೆ ಬಂದರು. ಏಳೆಂಟು ತಿಂಗಳಾದ ಮೇಲೆ ನೆಂಟರ ಮದುವೆಯೊಂದರಲ್ಲಿ ಕುಡಿದುಬಿಟ್ಟರು. ಮರುದಿನ ಬೆಳಗ್ಗೆ ಯಾರೂ ಹೇಳದೆ ತಾವೇ ಬಟ್ಟೆ ತುಂಬಿಕೊಂಡು ತುಮಕೂರಿಗೆ ಬಂದು, ಕೇಂದ್ರಕ್ಕೆ ಹೋಗಲು ಗುಬ್ಬಿ ಬಸ್ಸು ಹತ್ತಿದರು. ಜೊತೆಗೇ ಬಂದಿದ್ದ ಅತ್ತೆಯೂ ಹತ್ತಿ ಪಕ್ಕದಲ್ಲಿ ಕೂತರು.