ಹುಬ್ಬಳ್ಳಿಗೆ ಹೋಗದ ಗುರುಪುತ್ರಪ್ಪ

ಚಂದ್ರವ್ವನಿಗೆ ಗಂಡನ ಮೇಲೆ ಮೊದಲ ಸಲ ಹೇಸಿಕೆ ಹುಟ್ಟಿದ್ದು ಒಂದು ರೊಟ್ಟಿಯ ತುಣುಕಿನಿಂದ. ಎಪ್ಪತ್ತೈದನೇ ಇಸವಿಯ ಶ್ರಾವಣ. ಖಾನಾಪುರದಲ್ಲಿ ಹದಿನೈದು ದಿನಗಳಿಂದ ಬಿಸಿಲು ಬಿದ್ದಿರಲಿಲ್ಲ. ಅರಿವೆ ಒಣಗದೆ ಮನೆಯೆಲ್ಲ ಮುಗ್ಗು ನಾರುತ್ತಿತ್ತು. ಉಣ್ಣಲು ಕೂತ ಗುರುಪುತ್ರಪ್ಪ ತುತ್ತನ್ನು ಅಗಿದು ಬಾಯಿಂದ ಹೊರಗೆ ತೆಗೆದ. ಅಂಗೈ ಮೇಲಿಟ್ಟು ಬೆರಳಿನಿಂದ ಬಿಡಿಸಿ ನೋಡಿದ, ಮೂಸಿದ. ಆಮೇಲೆ ಅದನ್ನೇ ಅವಳತ್ತ ಚಾಚಿದ.

"ತಿನ್ನು."

"ಏನ್ರಿ ಇದು?"

"ಏನೂ ಹಾಕಿಲ್ಲಂದ್ರ ತಿನ್ನು."

ಹತ್ತು ವರ್ಷದ ಮಗಳು ಬಸವಣ್ಣೆವ್ವ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದಳು. ಚಂದ್ರವ್ವ ಆ ಜೊಲ್ಲು ಮೆತ್ತಿದ ತುಣುಕನ್ನು ಬಾಯಿಗೆ ಹಾಕಿಕೊಂಡು ನುಂಗಿದಳು. ನುಂಗಿದವಳೇ ಹಿತ್ತಲಿಗೆ ಓಡಿ, ಹೊಟ್ಟೆಯಲ್ಲಿದ್ದುದನ್ನೆಲ್ಲ ಕಾರಿದಳು. ಹಿಂದೆಯೇ ಬಂದ ಗಂಡ ಬಗ್ಗಿ ಆ ವಾಂತಿಯನ್ನು ನೋಡಿ ತಲೆಯಾಡಿಸಿದ.

"ನೋಡಿದ್ಯಾ? ನಿನ್ನ ಹೊಟ್ಟ್ಯಾಗೂ ನಿಲ್ಲಲಿಲ್ಲ."

ಹೀಗೆ ಮಾಡುವ ಮನುಷ್ಯ ಆತ ಅಲ್ಲವೇ ಅಲ್ಲ. ಊರ ಹೊರಗಿನ ಹಂಚಿನ ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ಹಂಚು ಆರಿಸುವ ಕೆಲಸ ಮಾಡಿದವನು. ಭಟ್ಟಿಯಿಂದ ಇಳಿದ ಹಂಚನ್ನು ಬೆರಳ ಗೆಣ್ಣಿನಿಂದ ಒಮ್ಮೆ ಬಡಿದರೆ ಸಾಕು, ಕಣ್ಣಿಗೆ ಕಾಣದ ಬಿರುಕು ಅವನ ಕಿವಿಗೆ ಕೇಳುತ್ತಿತ್ತು. ಮಾತು ಕಡಿಮೆ. ಸಂಜೆ ಮನೆಗೆ ಬಂದು ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು ಲಿಂಗಪೂಜೆ ಮುಗಿಸಿ, ಮಗಳಿಗೆ ಮಗ್ಗಿ ಹೇಳಿಕೊಡುತ್ತಿದ್ದ. ದಿನಕ್ಕೆರಡು ಸಲ ಮೈ ತೊಳೆಯುತ್ತಿದ್ದವನು ಈಗ ವಾರಗಟ್ಟಲೆ ನೀರು ಮುಟ್ಟಲೊಲ್ಲ. ನೀರಲ್ಲಿ ಯಾರೋ ಏನೋ ಬೆರೆಸಿದ್ದಾರಂತೆ. ಕೊರಳಪಟ್ಟಿಯ ಮೇಲೆ ಮಣ್ಣು, ಬೆವರು ಸೇರಿ ಕಪ್ಪು ಜಿಡ್ಡು ಕಟ್ಟಿತ್ತು. ಅವನ ಹಾಸಿಗೆ ಮಡಿಚುವಾಗ ಚಂದ್ರವ್ವ ಉಸಿರು ಬಿಗಿಹಿಡಿಯುತ್ತಿದ್ದಳು.

ದಾರಿಯಲ್ಲಿ ಯಾರಾದರೂ "ಊಟಾತೇನ್ರಿ?" ಎಂದರೆ ಅಲ್ಲೇ ನಿಂತುಬಿಡುತ್ತಿದ್ದ. "ನನ್ನ ಊಟದ ಸುದ್ದಿ ಇವನಿಗ್ಯಾಕ ಬೇಕು? ಏನು ಉಣ್ಣತೀನಿ ಅನ್ನೋದು ಇವನಿಗೆ ಯಾರು ಹೇಳ್ಯಾರ?" ಊರಿಗೆ ಊರೇ ಕೇಳುವ ಮಾತು ಅದು, ಉತ್ತರ ಬೇಕಾಗಿ ಯಾರೂ ಕೇಳುವುದಿಲ್ಲ. ಅವನಿಗೆ ಮಾತ್ರ ಅದರೊಳಗೆ ಮತ್ತೊಂದು ಮಾತು ಕೇಳುತ್ತಿತ್ತು.

ಕಾರ್ಖಾನೆಯ ಹಮಾಲ ಸಿದರಾಯನಿಗೆ ಇದು ಗೊತ್ತಾಗಿದ್ದೇ ಸುಗ್ಗಿಯಾಯಿತು. ಚಹಾದ ಹೊತ್ತಿನಲ್ಲಿ ಗುರುಪುತ್ರಪ್ಪನ ಎದುರು ಬೇಕೆಂದೇ ಮೂರು ಸಲ ಕೆಮ್ಮುವುದು, ಉಳಿದವರಿಗೆ ಕಣ್ಣು ಮಿಟುಕಿಸುವುದು, ಅವನು ಬೆವತು ಎದ್ದು ಹೋದ ಮೇಲೆ ಹೊಟ್ಟೆ ಹಿಡಿದುಕೊಂಡು ನಗುವುದು. ಬುತ್ತಿ ಕೊಡಲು ಹೋದ ಚಂದ್ರವ್ವ ಒಮ್ಮೆ ಇದನ್ನು ಕಣ್ಣಾರೆ ಕಂಡಳು. ತಂಬಾಕಿನಿಂದ ಕೆಂಪಾದ ಆ ಹಲ್ಲುಗಳು, ನಗುತ್ತ ಗದ್ದಕ್ಕೆ ಇಳಿದ ಆ ಎಂಜಲು. ಗಂಡನ ಬಾಯಿಂದ ಬಂದ ರೊಟ್ಟಿಗಿಂತ ಅದು ಅವಳಿಗೆ ಹೊಲಸೆನಿಸಿತು.

ಬೆಳಗಾವಿಯ ಶಹಾಪುರದಲ್ಲಿದ್ದ ಅವಳ ಅಣ್ಣ ಈರಣ್ಣ ಬಂದು ನೋಡಿ, "ಇದು ಹೊರಗಿನ ಪೀಡಾ, ಚಂದ್ರಿ. ಇದಕ್ಕ ದವಾಖಾನಿ ನಡಿಯಂಗಿಲ್ಲ" ಎಂದು ತೀರ್ಪು ಕೊಟ್ಟ. ಜಾಂಬೋಟಿ ಆಚೆ ಅಡವಿಯ ಅಂಚಿನಲ್ಲಿ ಪೀಡೆ ಬಿಡಿಸುವವನೊಬ್ಬನಿದ್ದನಂತೆ. ಅಲ್ಲಿಗೆ ಒಯ್ದರು. ಆ ಮನುಷ್ಯ ಗುರುಪುತ್ರಪ್ಪನ ಬಾಯಿಗೆ ಏನೋ ಕರಿಯ ನೀರು ಸುರಿದ. ಈರಣ್ಣ ಭಾವನ ಎರಡೂ ಕೈ ಹಿಂದಕ್ಕೆ ಹಿಡಿದುಕೊಂಡ. ಕಾದ ಕುಡಗೋಲಿನಿಂದ ಬೆನ್ನ ಮೇಲೆ ಮೂರು ಬರೆ ಬಿದ್ದವು.

ಮಳೆಗಾಲ, ಗಾಯ ಮಾಯಲಿಲ್ಲ. ಕೀವು ತುಂಬಿತು, ನೊಣ ಮುತ್ತಿದವು. ಬಿಸಿನೀರಲ್ಲಿ ಅರಿವೆ ಅದ್ದಿ ಒರೆಸುತ್ತಿದ್ದಾಗ ಅವಳಿಗೆ ಒಂದೇ ವಿಚಾರ. ಜಗತ್ತೆಲ್ಲ ತನ್ನನ್ನು ಕೊಲ್ಲಲು ಕೂತಿದೆ ಎನ್ನುವ ಮನುಷ್ಯನನ್ನು ಹಿಡಿದು ಸುಟ್ಟುಬಿಟ್ಟೆವಲ್ಲ. ಇನ್ನು ಅದು ಸುಳ್ಳು ಎಂದು ಯಾವ ಬಾಯಿಂದ ಹೇಳುವುದು?

ಬಾಜು ಮನೆಯಲ್ಲಿ ಚನ್ನಬಸಯ್ಯನವರಿದ್ದರು. ಸಣ್ಣ ಕಿರಾಣಿ ಅಂಗಡಿ, ವಯಸ್ಸು ಅರವತ್ತರ ಮೇಲೆ. ಗುರುಪುತ್ರಪ್ಪ ಮನೆಯ ಅನ್ನ ಬಿಟ್ಟಿದ್ದಾನೆಂದು ಕೇಳಿ, ದಿನಾ ಮಧ್ಯಾಹ್ನ ಒಂದು ಹಿತ್ತಾಳೆ ತಂಬಿಗೆ ಮಜ್ಜಿಗೆ ತಂದು, ಅವನೆದುರೇ ಮೊದಲು ತಾವು ಒಂದು ಗುಟುಕು ಕುಡಿದು, ಅವನಿಗೆ ಕೊಡುತ್ತಿದ್ದರು. ಅದೊಂದನ್ನು ಅವನು ನಂಬಿಕೊಂಡಿದ್ದ. ಸಿದರಾಯನ ಕಣ್ಣಿಗೆ ಅದೂ ಬಿತ್ತು.

"ಅಯ್ಯನೋರ ಮಜ್ಜಿಗಿ ಛಲೋ ಇರ್ತಾವ ಬಿಡಪಾ," ಎಂದನಂತೆ, ಎಲ್ಲರ ಎದುರು. "ಊರಾಗ ಯಾರಿಗೂ ಇಲ್ಲ, ನಿಮ್ಮ ಮನಿಗಷ್ಟ ಬರ್ತಾವ! ಯಾಕ ಬರ್ತಾವು, ನಿನ್ನ ಹೇಣ್ತಿನ್ನ ಕೇಳಪಾ."

ಉಳಿದವರು ನಕ್ಕರು. ಅದು ಚೇಷ್ಟೆ ಎಂದು ಸಣ್ಣ ಹುಡುಗರಿಗೂ ತಿಳಿಯುತ್ತಿತ್ತು. ಗುರುಪುತ್ರಪ್ಪ ನೆಟ್ಟಗೆ ಮನೆಗೆ ನಡೆದ. ಆಗಷ್ಟೇ ತಂಬಿಗೆ ಹಿಡಿದು ಹೊಸ್ತಿಲು ದಾಟುತ್ತಿದ್ದ ಮುದುಕರ ಕೈಯಿಂದ ಅದನ್ನು ಕಸಿದು ಹಣೆಗೆ ಹೊಡೆದ. ಬಿಳಿ ವಿಭೂತಿಯ ಮೇಲೆ ರಕ್ತ ಇಳಿಯಿತು, ಮಜ್ಜಿಗೆ ನೆಲದ ತುಂಬ ಹರಿಯಿತು. ಚಂದ್ರವ್ವ ಚೀರಿಕೊಂಡಳು. ಚನ್ನಬಸಯ್ಯ ಗೋಡೆ ಹಿಡಿದು ಕೂತು, ಹಣೆಗೆ ಪಂಚೆಯ ಚುಂಗು ಒತ್ತಿಕೊಂಡು ಹೇಳಿದ್ದು ಒಂದೇ ಮಾತು: "ಪೊಲೀಸರನ್ನ ಕರೀಬ್ಯಾಡ್ರಿ. ಇಂವಾ ಹೊಡದಿಲ್ಲ, ಇವನ ಕಡಿಂದ ಯಾರೋ ಹೊಡಿಸ್ಯಾರ."

ಹಣೆಯ ಪಟ್ಟಿ ಬಿಚ್ಚಿದ ಮೇಲೆ ಅವರೇ ಚಂದ್ರವ್ವನ ಜೊತೆ ಗುರುಪುತ್ರಪ್ಪನನ್ನು ಬಸ್ಸಿನಲ್ಲಿ ಬೆಳಗಾವಿಗೆ ಕರೆದುಕೊಂಡು ಹೋದರು. ಟಿಳಕವಾಡಿಯಲ್ಲಿ ಧರಣೇಂದ್ರ ಉಪಾಧ್ಯೆ ಎಂಬ ಮನೋರೋಗದ ಡಾಕ್ಟರರಿದ್ದರು. ಅವರು ಬಹಳ ಹೊತ್ತು ಮನೆ, ಕೆಲಸ, ನಿದ್ದೆಯ ವಿಚಾರ ಕೇಳಿ, ಕೊನೆಗೆ ಗುರುಪುತ್ರಪ್ಪನತ್ತ ಬಾಗಿದರು.

"ಒಂದು ಗಾದಿ ಮಾತು ಹೇಳ್ತೀನ್ರಿ, ಅದರ ಅರ್ಥ ಏನು ಹೇಳ್ರಿ. ಕೈ ಕೆಸರಾದ್ರ ಬಾಯಿ ಮೊಸರು."

ಗುರುಪುತ್ರಪ್ಪ ತನ್ನೆರಡೂ ಕೈ ತಿರುಗಿಸಿ ನೋಡಿಕೊಂಡ. ಉಗುರಿನ ಸಂದಿಯಲ್ಲಿ ಜೇಡಿಮಣ್ಣು ಕೂತಿತ್ತು.

"ತೊಳಕೋಬೇಕ್ರಿ. ಕೈ ತೊಳೀಲಾರ್ದ ಮೊಸರ ತಿಂದ್ರ ಹೊಟ್ಟಿ ಕೆಡ್ತದ." ಆಮೇಲೆ ದನಿ ಇಳಿಸಿ, "ನಮ್ಮನ್ಯಾಗ ಮೊಸರ ಐತಿ ಅಂತ ನಿಮಗ್ಯಾರು ಹೇಳಿದ್ರು?"

ಬಾಗಿಲಲ್ಲಿ ನಿಂತಿದ್ದ ಕಂಪೌಂಡರ್ ಕಿಸಕ್ಕನೆ ನಕ್ಕ. ಡಾಕ್ಟರ್ ಅವನನ್ನು ಹೊರಗೆ ಕಳಿಸಿದರು. ಆ ಹೊತ್ತಿಗೆ ಚಂದ್ರವ್ವನಿಗೆ ಮೊದಲ ಸಲ ಗಂಡನ ಕಷ್ಟದ ಆಕಾರ ಕಂಡಿತು. ಇಷ್ಟು ದಿನ ಆತ ತನಗೆ ಹಟ ಮಾಡುತ್ತಿದ್ದಾನೆ ಎಂದುಕೊಂಡಿದ್ದಳು.

"ಇವರಿಗೆ ಮಾತು ಕೇಳಸ್ತದ್ರಿ, ತಂಗಿ," ಎಂದರು ಡಾಕ್ಟರ್. "ಮಾತಿನ ಸುತ್ತಮುತ್ತಲಿಂದು ಕಾಣಂಗಿಲ್ಲ. ಯಾರು ಅಂದ್ರು, ಯಾವಾಗ ಅಂದ್ರು, ನಗಚಾಟಕ್ಕ ಅಂದ್ರೋ ಸಿಟ್ಟಿಲೆ ಅಂದ್ರೋ, ನಮಗ ತಾನಾಗೇ ತಿಳೀತದ. ಇವರು ಅದನ್ನ ಹುಡುಕಬೇಕಾಗ್ತದ. ಹುಡುಕಿದಲ್ಲೆಲ್ಲ ವೈರಿ ಸಿಗ್ತಾನ." ರೋಗದ ಹೆಸರು ಸ್ಕಿಜೋಫ್ರೇನಿಯಾ ಎಂದರು. ಚಂದ್ರವ್ವನ ನಾಲಿಗೆಗೆ ಅದು ಹೊರಳಲಿಲ್ಲ. "ಗುಳಗಿ ತಪ್ಪಸಬ್ಯಾಡ್ರಿ. ಮತ್ತ, ಅವರ ಮುಂದ ಡೊಂಕು ಮಾತಾಡಬ್ಯಾಡ್ರಿ. ಕಿವ್ಯಾಗ ಪಿಸುಗುಡಬ್ಯಾಡ್ರಿ. ಹೇಳೂದನ್ನ ಇದ್ದಂಗ ಹೇಳ್ರಿ."

ಗುಳಿಗೆಯಿಂದ ಅವನೊಬ್ಬನಿಗೇ ಕೇಳುತ್ತಿದ್ದ ದನಿಗಳು ನಿಂತವು, ವಿಷದ ಅಂಜಿಕೆ ತೆಳುವಾಯಿತು. ಕೈ ನಡುಗುವುದು, ಮುಖ ಮರಗಟ್ಟುವುದು, ಬಾಯಿ ಮೂಲೆಯಿಂದ ಜೊಲ್ಲು ಸೋರುವುದು ಶುರುವಾದವು. ದಿಂಬು ಬೆಳಗಾದರೆ ಹುಳಿ ವಾಸನೆ ಹೊಡೆಯುತ್ತಿತ್ತು. ಅದನ್ನು ಒಗೆಯುವಾಗ ಬರುವ ಓಕರಿಕೆಯನ್ನು ಚಂದ್ರವ್ವ ಯಾರಿಗೂ ಹೇಳಲಿಲ್ಲ. ಕಾರ್ಖಾನೆಯ ಮಾಲೀಕರು ಅವನಿಗೆ ಅಂಗಳದ ಮೂಲೆಯಲ್ಲಿ ಒಂಟಿಯಾಗಿ ಹಂಚು ಆರಿಸುವ ಕೆಲಸ ಕೊಟ್ಟರು. ಹಂಚಿನ ವಿಷಯದಲ್ಲಿ ಅವನ ಕಿವಿ ಒಂದು ದಿನವೂ ತಪ್ಪಲಿಲ್ಲ. ಮನುಷ್ಯರ ಮಾತು ಮಾತ್ರ ಅವನ ಪಾಲಿಗೆ ನಗುವಾಗಿಯೂ ಅಳುವಾಗಿಯೂ ಕೇಳದೆ, ಬರೀ ಮಾತಾಗಿ ಉಳಿಯಿತು.

ಚಂದ್ರವ್ವ ಮನೆಯಲ್ಲಿ ನೇರ ಮಾತು ರೂಢಿಸಿದಳು. "ಒಲಿ ಆರೇತಿ" ಎಂದು ಸೂಚಿಸಿದರೆ ಆತ ಒಲೆ ನೋಡುತ್ತ ಕೂರುತ್ತಿದ್ದ; "ಕಟ್ಟಿಗಿ ತರ್ರಿ" ಎಂದರೆ ತರುತ್ತಿದ್ದ. ಮಗಳೂ ಹಾಗೇ ಕಲಿತಳು.

ಎಂಬತ್ನಾಲ್ಕರಲ್ಲಿ ಬಸವಣ್ಣೆವ್ವನಿಗೆ ಹತ್ತೊಂಬತ್ತು ತುಂಬಿತು. ಈರಣ್ಣ ಶಹಾಪುರದ ಒಂದು ಮನೆತನದಿಂದ ಹೆಣ್ಣು ನೋಡಲು ಜನರನ್ನು ಕರೆತರುವುದಾಗಿ ಹೇಳಿ ಕಳಿಸಿದ. ಮುಂಚೆಯೇ ಬಂದು ತಂಗಿಯನ್ನು ಮೂಲೆಗೆ ಕರೆದ.

"ಭಾವನ್ನ ಒಳಗಿನ ಖೋಲ್ಯಾಗ ಕುಂಡ್ರಸು. ಅವರು ನೋಡಿದ್ರ ಮುಗೀತು."

ಚಂದ್ರವ್ವನಿಗೆ ಮೈಯೆಲ್ಲ ಕೆಸರು ಮೆತ್ತಿದಂತಾಯಿತು. ಆದರೂ ಒಪ್ಪಿದಳು. ಅದನ್ನು ಅವಳು ಮುಂದೆಂದೂ ತನಗೆ ತಾನು ಮಾಫಿ ಮಾಡಿಕೊಳ್ಳಲಿಲ್ಲ. ಗಂಡನ ಹತ್ತಿರ ಹೋಗಿ ಇದ್ದಂಗೇ ಹೇಳಿದಳು: "ಮಗಳ್ನ ನೋಡಾಕ ಬರಾಕತ್ತಾರ. ನಿಮ್ಮನ್ನ ನೋಡಿದ್ರ ಬ್ಯಾಡಂತಾರ. ಅವರು ಹೋಗೂತನ ಒಳಗ ಕುಂದರ್ರಿ."

"ಆತು," ಎಂದ ಗುರುಪುತ್ರಪ್ಪ. ಒಳಗೆ ಹೋಗಿ ಜೋಳದ ಚೀಲದ ಮೇಲೆ ಕೂತ.

ಹುಡುಗನ ತಂದೆ ತಾಯಿ ಬಂದರು. ಉಪ್ಪಿಟ್ಟು, ಚಹಾ ಆಯಿತು. ಹುಡುಗಿ ಹಿಡಿಸಿದ ಹಾಗಿತ್ತು. ಹುಡುಗನ ತಂದೆ ಬಟ್ಟಲು ಕೆಳಗಿಟ್ಟು, "ಬೀಗರು ಎಲ್ಲಿ ಕಾಣವಲ್ರಲ್ಲ?" ಎಂದರು.

"ಕಾರ್ಖಾನಿ ಕೆಲಸದ ಮ್ಯಾಲ ಹುಬ್ಬಳ್ಳಿಗೆ ಹೋಗ್ಯಾರ್ರಿ," ಎಂದ ಈರಣ್ಣ. ಒಂದು ಕ್ಷಣವೂ ತಡೆಯಲಿಲ್ಲ. ಮುಖದ ಮೇಲೆ ಬೆಣ್ಣೆಯಂಥ ನಗು. "ಭಾಳ ನಂಬಿಗಸ್ತ ಮನಶ್ಯಾರಿ, ಮಾಲಕ್ರು ಅವರನ್ನ ಬಿಟ್ಟು ಒಂದು ಕೆಲಸ ಮಾಡಂಗಿಲ್ಲ."

ಒಳಗಿನಿಂದ ದನಿ ಬಂತು. "ನಾ ಹುಬ್ಬಳ್ಳಿಗೆ ಹೋಗಿಲ್ಲ, ಈರಣ್ಣ. ಇಲ್ಲೇ ಅದೀನಿ."

ಬಾಗಿಲು ತೆರೆಯಿತು. ಕೇಳಿದವರಿಗೆ ಉತ್ತರ ತಪ್ಪಾಗಿ ಹೋಗಿದೆ, ಸರಿಮಾಡಬೇಕು ಎನ್ನುವ ಕಾಳಜಿಯಿಂದ ಗುರುಪುತ್ರಪ್ಪ ಹೊರಗೆ ಬಂದ. ಮಾಸಿದ ಅಂಗಿ, ಗದ್ದದ ಮೇಲೆ ತೇವ, ವಾರದ ಬೆವರಿನ ವಾಸನೆ. ಹುಡುಗನ ತಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಅವನು ಅವಳನ್ನು ಕನಿಕರದಿಂದ ನೋಡಿದ.

"ನೆಗಡಿ ಆಗೈತೇನ್ರಿ ನಿಮಗ?"

ಈರಣ್ಣ ಹಲ್ಲು ಕಡಿದ. ಬಸವಣ್ಣೆವ್ವ ಕೂತಲ್ಲಿಂದ ಎದ್ದಳು. ದನಿಯಲ್ಲಿ ನಾಚಿಕೆ ಇರಲಿಲ್ಲ, ಸಿಟ್ಟೂ ಇರಲಿಲ್ಲ.

"ನೆಗಡಿ ಅಲ್ಲಪ್ಪಾ. ಅವರಿಗೆ ನಿನ್ನ ಮೈ ವಾಸನಿ ಬರಾಕತ್ತೈತಿ."

"ಹೌದಾ? ಹಂಗಾರ ಬಾಗಲ ಕಡಿ ಕುಂದರ್ತೀನಿ," ಎಂದು ಅವನು ಗಾಳಿ ಬರುವ ಕಡೆ ಹೋಗಿ ಕೂತ.

ಹುಡುಗನ ತಂದೆ ಟೋಪಿ ಸರಿಮಾಡಿಕೊಂಡು ಎದ್ದರು. "ಮನ್ಯಾಗ ಮಾತಾಡಿ ತಿಳಸ್ತೀವ್ರಿ." ಇಬ್ಬರೂ ಹೋದರು.

ಅವರು ಓಣಿ ತಿರುಗಿದ್ದೇ ತಡ, ಈರಣ್ಣ ಗುಡುಗಿದ. "ಆ ಹುಚ್ಚನ್ನ ಕಟ್ಟಿ ಹಾಕು ಅಂದ್ನಿ! ಬಾಯಿ ಮುಚ್ಕೊಂಡು ಕುಂದ್ರಾಕ ಬರಂಗಿಲ್ಲೇನು ಅವಗ?"

ಚಂದ್ರವ್ವ ಅಣ್ಣನನ್ನು ನೋಡಿದಳು. ಇಸ್ತ್ರಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ಕೂದಲು, ಅತ್ತರಿನ ವಾಸನೆ. ಇದೇ ಕೈಗಳಲ್ಲವೇ ಜಾಂಬೋಟಿಯ ಅಡವಿಯಲ್ಲಿ ಗಂಡನನ್ನು ಹಿಡಿದುಕೊಂಡಿದ್ದು? ಅವಳಿಗೆ ಇಷ್ಟು ವರ್ಷ ಕೀವು, ಜೊಲ್ಲು ಒರೆಸುವಾಗ ಬಾರದಂಥ ವಾಕರಿಕೆ ಬಂತು.

"ಹೋಗು, ಅಣ್ಣಾ," ಎಂದಳು. "ನಿನ್ನ ನೋಡಿದ್ರ ನನಗ ಹೇಸಿಕಿ ಬರಾಕತ್ತೈತಿ. ಇನ್ನ ಈ ಮನಿ ಹೊಸ್ತಲಾ ತುಳೀಬ್ಯಾಡ."

ಅವನು ಅದನ್ನು ಸಿಟ್ಟಿನ ಮಾತು ಎಂದುಕೊಂಡ. ಅವಳು ಇದ್ದಂಗೇ ಹೇಳಿದ್ದಳು. ಮುಂದೆ ಅವನ ಮನೆಯ ಮದುವೆ, ಮುಂಜಿ ಯಾವುದಕ್ಕೂ ಅವಳು ಹೋಗಲಿಲ್ಲ.

ಗುರುಪುತ್ರಪ್ಪ ಮರುದಿನದಿಂದ ಕೆಲಸ ಬಿಟ್ಟೊಡನೆ ಪೋಸ್ಟ್ ಆಫೀಸಿಗೆ ಹೋಗತೊಡಗಿದ. ಒಂಬತ್ತನೇ ದಿನ ಬಂದು ಕೇಳಿದ. "ತಿಳಸ್ತೀವಿ ಅಂದಿದ್ರಲ್ಲ, ಪತ್ರ ಬರವಲ್ದಲ್ಲ?"

"ಬರಂಗಿಲ್ರಿ. ತಿಳಸ್ತೀವಿ ಅಂದ್ರ ಒಲ್ಲೆವು ಅಂತ ಅರ್ಥ."

"ಹಂಗಾರ ಒಲ್ಲೆವು ಅಂತನ ಯಾಕ ಅನ್ನಲಿಲ್ಲ?"

ಮರ್ಯಾದೆಗೆ ಎನ್ನಲು ಹೊರಟ ಚಂದ್ರವ್ವ ಅದನ್ನು ಬಿಟ್ಟು ಅವನ ತಾಟಿಗೆ ರೊಟ್ಟಿ ಹಾಕಿದಳು.

ಬಸವಣ್ಣೆವ್ವ ಬೆಳಗಾವಿಯಲ್ಲಿ ಟಿ.ಸಿ.ಎಚ್. ಮುಗಿಸಿ, ಎಂಬತ್ತೇಳರಲ್ಲಿ ಕಣಕುಂಬಿಯ ಕಡೆ ಕನ್ನಡ ಶಾಲೆಯ ಮಾಸ್ತರಬಾಯಿಯಾದಳು. ಅಲ್ಲಿಯೇ ಒಬ್ಬ ಮಾಸ್ತರ, ಕಲ್ಲಪ್ಪ, ತಾನಾಗಿ ಖಾನಾಪುರಕ್ಕೆ ಬಂದು ಗುರುಪುತ್ರಪ್ಪನ ಎದುರು ಕೂತು, "ನಿಮ್ಮ ಮಗಳ್ನ ಮದುವಿ ಆಗಬೇಕಂತ ಮಾಡೀನ್ರಿ" ಎಂದ. ಸುತ್ತು ಬಳಸಿ ಮಾತಾಡಬಾರದೆಂದು ಅವಳೇ ಹೇಳಿ ಕಳಿಸಿದ್ದಳು. "ಆಗ್ರಿ," ಎಂದ ಗುರುಪುತ್ರಪ್ಪ. ಆ ಮದುವೆಯಲ್ಲಿ ಅವನು ಮುಂದಿನ ಸಾಲಿನಲ್ಲೇ ಕೂತಿದ್ದ.

ಮಗಳು ಹೋದ ಮೇಲೆ ಮನೆಯಲ್ಲಿ ಇಬ್ಬರೇ. ಒಂದು ದಿನ ಮಧ್ಯಾಹ್ನ ಚಂದ್ರವ್ವ ಅವನ ದಿಂಬಿನ ಹೊದಿಕೆ ಬಿಚ್ಚುತ್ತ ಮುಖ ಕಿವುಚಿದ್ದನ್ನು ಅವನು ನೋಡಿದ. ಹಿಂದೆಯಾಗಿದ್ದರೆ ಆ ಮುಖದಲ್ಲಿ ವಿಷ, ಸಂಚು ಏನೇನೋ ಓದುತ್ತಿದ್ದ. ಈಗ ಹತ್ತಿರ ಬಂದು ನಿಂತ.

"ಮಾರಿ ಹಂಗ ಮಾಡಿದಿ. ನನ್ನ ಕಂಡ್ರ ನಿನಗ ಹೇಸಿಕಿ ಬರ್ತೈತೇನು?"

"ಬರ್ತೈತ್ರಿ," ಎಂದಳು ಚಂದ್ರವ್ವ. "ಜಳಕಾ ಮಾಡದಿದ್ದಾಗ ಬರ್ತೈತಿ. ಯಾವಾಗ್ಲೂ ಬರಂಗಿಲ್ಲ."

"ಕೊಲ್ಲಬೇಕು ಅಂತ ಅನಸ್ತೈತೇನು?"

"ಇಲ್ರಿ."

ಅವನು ಅವಳ ಮುಖವನ್ನೇ ನೋಡಿದ, ಅಲ್ಲಿ ಏನು ಬರೆದಿದೆ ಎಂದು ತಿಳಿಯಲು ಹೆಣಗಾಡಿದ, ತಿಳಿಯದೆ ಕೈಬಿಟ್ಟು ಅವಳ ಮಾತನ್ನೇ ನಂಬಿಕೊಂಡ.

"ನೀರ ಕಾಸು," ಎಂದು ಬಚ್ಚಲಿಗೆ ಹೋದ.