ಆ ಹುಡುಗರನ್ನು ಆರಿಸಿದ್ದು ಯಾರು?

ಫಾರ್ಮಿಂಗ್ಟನ್ ಹಿಲ್ಸ್‌ನ ಗೆಳೆಯರ ಮನೆಯಲ್ಲಿ ಭಾನುವಾರದ ಊಟ ಮುಗಿಸಿ ಬಾಸ್ಕೆಟ್‌ಬಾಲ್ ನೋಡುತ್ತಿದ್ದೆವು. ವರ್ಷಗಟ್ಟಲೆ ಸೋತು ನಗೆಪಾಟಲಾಗಿದ್ದ ನಮ್ಮ ಊರಿನ ತಂಡ ಈಗ ಗೆಲ್ಲತೊಡಗಿತ್ತು.

"ಆಟಗಾರರನ್ನ ಆರಿಸೋಕೆ ಹೊಸ ಜನರಲ್ ಮ್ಯಾನೇಜರ್ ಬಂದ, ಎಲ್ಲ ಸರಿಹೋಯ್ತು. ಹಳೆಯವನು ದಂಡ," ಎಂದರು ಗೆಳೆಯರು.

ನನಗೆ ಮೈಯೆಲ್ಲ ಉರಿಯಿತು. "ಈಗ ಗೆಲ್ಲಿಸ್ತಿರೋ ಹುಡುಗರನ್ನ ಆರಿಸಿದ್ದು ಯಾರು ಸ್ವಾಮಿ? ಆ ಹಳೆಯವನೇ! ತಪ್ಪೂ ಮಾಡಿದಾನೆ, ಇಲ್ಲ ಅನ್ನಲ್ಲ. ಆದರೆ ಬೈಗುಳ ಪೂರ್ತಿ ಅವನಿಗೆ, ಹಾರ ಮಾತ್ರ ಆಮೇಲೆ ಬಂದವನಿಗಾ?"

ನನ್ನ ಕೂಗಾಟಕ್ಕೆ ಮನೆಯೊಡತಿ ಟಿವಿ ಸದ್ದು ತಗ್ಗಿಸಿದರು. ಕಾರು ಹತ್ತಿದ ಮೇಲೆ ಹೆಂಡತಿ ಕೇಳಿದಳು: "ಅವನು ನಿಮಗೇನಾಗ್ಬೇಕು?"

ಏನೂ ಆಗಬೇಕಿರಲಿಲ್ಲ. ನೆನಪಾಗಿದ್ದು ರಾಚೆಸ್ಟರ್ ಹಿಲ್ಸ್ ಆಫೀಸಿನ ನನ್ನ ಹಳೆಯ ಮ್ಯಾನೇಜರ್, ಮೈಸೂರಿನವರು. ನಮ್ಮನ್ನೆಲ್ಲ ಆರಿಸಿ, ಕೆಲಸ ಕಲಿಸಿ, ಕಾರಿಗೆ ಒಂದು ಹೊಸ ಬಗೆಯ ಬ್ರೇಕ್ ತಯಾರು ಮಾಡಿಸಿದ್ದರು. ಅದು ಕಾರ್ಖಾನೆಗೆ ಹೋಗುವ ಮೊದಲೇ, ತಡವಾಯಿತೆಂದು ಕಂಪನಿ ಅವರನ್ನು ಕೆಲಸದಿಂದ ತೆಗೆದುಹಾಕಿತು. ಆಮೇಲೆ ಆ ಬ್ರೇಕ್‌ಗೆ ಬಂದ ಬಹುಮಾನವನ್ನು ಸಮಾರಂಭದಲ್ಲಿ ಅವರ ಜಾಗಕ್ಕೆ ಬಂದವನು ತೆಗೆದುಕೊಂಡ. ಅವರ ಹೆಸರನ್ನೂ ಎತ್ತಲಿಲ್ಲ. ನಾನು ಮುಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದ್ದೆ.

ಮರುದಿನ ಆ ಹಳೆಯ ಮ್ಯಾನೇಜರ್‌ಗೆ ಫೋನ್ ಮಾಡಿ, ಆ ಬಹುಮಾನ ನಿಜಕ್ಕೂ ನಿಮ್ಮದು, ನಾನು ಅವತ್ತು ಹೇಳಲಿಲ್ಲ ಎಂದು ಒಪ್ಪಿಕೊಂಡೆ.

"ಇದನ್ನ ನನಗ್ಯಾಕೆ ಹೇಳ್ತೀರಾ? ನಂಗೆ ಗೊತ್ತಿರೋದೇ," ಎಂದರು ಅವರು. "ಅವತ್ತು ಅಲ್ಲೇ ಎದ್ದು ನಿಂತು ಹೇಳ್ಬೇಕಿತ್ತು."

ಫೋನ್ ಇಟ್ಟರು.