ದೇವರ ಸೇರು ಬಿಟ್ಟು ಎಣಿಸಿದ್ದು

ಪಕ್ಕದ ಮನೆಯವರು ಮಹಡಿಯ ಮೇಲೆ ಹೊಸ ಹುಣಸೆಹಣ್ಣು ಒಣಗಹಾಕಿದ್ದಾರೆ. ಚಿಂತಾಮಣಿಯ ಬಿಸಿಲಿಗೆ ಅದು ಕಾದು, ಮಧ್ಯಾಹ್ನವೆಲ್ಲ ಅದರ ಹುಳಿವಾಸನೆ ನಮ್ಮ ಕಿಟಕಿಯೊಳಗೆ ಬರುತ್ತದೆ. ಬೇರೆಯವರಿಗಾದರೆ ಬಾಯಲ್ಲಿ ನೀರೂರಬೇಕು. ನನಗೆ ಮೂರನೇ ಕ್ಲಾಸಿನ ಮೇಷ್ಟ್ರು ನೆನಪಾಗುತ್ತಾರೆ. ಅವರ ಬಟ್ಟೆಚೀಲದ ತುಂಬ ಹುಣಸೆಬೀಜ ಇರುತ್ತಿತ್ತು. ಚೀಲಕ್ಕೂ ಅದೇ ವಾಸನೆ, ಅವರ ಕೈಗೂ ಅದೇ ವಾಸನೆ…

ಅಂಬಾಜಿದುರ್ಗದ ಕೆಳಗೆ ನಮ್ಮೂರು. ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಸ್ಕೂಲಿಗೆ ಇದ್ದದ್ದು ಎರಡು ಕೋಣೆ. ಒಂದರಲ್ಲಿ ಹೆಡ್ಮಾಸ್ಟರು, ಇನ್ನೊಂದರಲ್ಲಿ ಆ ವರ್ಷ ಯಾರು ಬಂದರೆ ಅವರು. ಆ ಜೂನಿನಲ್ಲಿ ಇವರು ಬಂದರು. ಇನ್ನೂ ಮದುವೆಯಾಗಿರದ ತೆಳ್ಳನೆಯ ಹುಡುಗ ಅಂತಲೇ ಅನ್ನಬೇಕು, ಆದರೆ ನಮ್ಮ ಕಣ್ಣಿಗೆ ದೊಡ್ಡವರು. ಕೈವಾರದಿಂದ ದಿನಾ ಸೈಕಲ್ ತುಳಿದು ಬರುತ್ತಿದ್ದರು. ಅಲ್ಲಿ ಅವರ ತಾಯಿ ಇದ್ದರು, ಎರಡೂ ಕಣ್ಣು ಹೋಗಿತ್ತು, ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಬೆಳಗ್ಗೆ ಅಡುಗೆ ಮಾಡಿಟ್ಟು ಬರುವರು, ಸಂಜೆ ಗಂಟೆ ಹೊಡೆದ ಕೂಡಲೇ ಹೊರಟುಬಿಡುವರು.

ಬಂದು ಒಂದು ತಿಂಗಳು ಅವರು ಲೆಕ್ಕದ ಪಾಠವನ್ನೇ ಮಾಡಲಿಲ್ಲ. ಒಬ್ಬೊಬ್ಬರನ್ನೇ ಜಗಲಿಗೆ ಕರೆದು, ಮುಂದೆ ಬೀಜ ಸುರಿದು, ಏನಾದರೂ ಕೇಳುವರು. ಉತ್ತರ ಸರಿಯಿರಲಿ ತಪ್ಪಿರಲಿ, ಮುಖದಲ್ಲಿ ಏನೂ ತೋರಿಸುತ್ತಿರಲಿಲ್ಲ. "ಹೆಂಗೆ ಬಂತು ಹೇಳಪ್ಪ?" ಅಷ್ಟೇ. ಹುಡುಗ ಹೇಳಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವರು. ನಾಲ್ಕು ಎತ್ತಿಗೆ ಎಷ್ಟು ಕಾಲು ಅಂದಾಗ ಒಬ್ಬ ಹದಿನೈದು ಅಂದ. ಹೆಂಗೆ ಬಂತಪ್ಪ ಅಂದರೆ, "ನಮ್ಮ ಕೆಂದೆತ್ತು ಒಂದ್ ಕಾಲು ನೆಲಕ್ಕೆ ಊರಲ್ಲ ಸಾರ್" ಅಂದ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಮೇಷ್ಟ್ರು ನಗಲಿಲ್ಲ, ಅದನ್ನೂ ಬರೆದುಕೊಂಡರು. ರೇಷ್ಮೆ ಸಾಕುವ ಮನೆಯ ಹುಡುಗಿಯೊಬ್ಬಳು ಬೀಜಗಳನ್ನು ಒಂದೊಂದಾಗಿ ಮುಟ್ಟುತ್ತಲೇ ಇರಲಿಲ್ಲ. ಮನೆಯಲ್ಲಿ ಗೂಡು ಎಣಿಸುವ ಹಾಗೆ ಐದೈದನ್ನು ಬೆರಳಲ್ಲಿ ಬಾಚಿ ಎಸೆಯುತ್ತಿದ್ದಳು. ಅವಳಿಂದ ಅವರೇ ಆ ಬಾಚುವುದನ್ನು ಕಲಿತರು.

ನಾನು ಕ್ಲಾಸಿಗೆಲ್ಲ ದಡ್ಡಿ ಅಂತ ಹೆಸರಾದವಳು. ನನ್ನ ಲೆಕ್ಕ ಯಾವತ್ತೂ ಸರಿಯಾಗಿ ಒಂದು ಕಮ್ಮಿ ಬರುತ್ತಿತ್ತು. ಏಳಕ್ಕೆ ಆರು, ಹನ್ನೆರಡಕ್ಕೆ ಹನ್ನೊಂದು. ಹಿಂದಿನ ಇಬ್ಬರು ಮೇಷ್ಟ್ರೂ ಅದಕ್ಕಾಗಿ ಎರಡು ವರ್ಷ ಅಂಗೈ ಮೇಲೆ ಬಾರಿಸಿದ್ದರು. ಪ್ರತಿ ಸಲ ಒಂದೇ ಯಾಕೆ ಕಮ್ಮಿ ಅಂತ ಅವರಿಗೂ ಹೊಳೆಯಲಿಲ್ಲ, ನನಗಂತೂ ಹೊಳೆಯುವ ಮಾತೇ ಇಲ್ಲ.

ಇವರು ನನ್ನ ಮುಂದೆ ಒಂಬತ್ತು ಬೀಜ ಇಟ್ಟರು. ನಾನು ಎಂಟು ಅಂದೆ. ಹೆಂಗೆ ಬಂತಮ್ಮ ಅಂದರು. ಮತ್ತೆ ಎಣಿಸಿ ತೋರಿಸಿದೆ. ಮೊದಲನೆಯ ಬೀಜವನ್ನು ಮಾತಿಲ್ಲದೆ ಪಕ್ಕಕ್ಕೆ ಸರಿಸಿ, ಎರಡನೆಯದರಿಂದ ಒಂದು, ಎರಡು ಅಂತ ಶುರುಮಾಡಿದೆ. ಅವರು ಪಕ್ಕದಲ್ಲಿದ್ದ ಬೀಜದ ಮೇಲೆ ಬೆರಳಿಟ್ಟು, ಇದು ಯಾರದ್ದು ಅಂದರು. ದೇವರದ್ದು ಅಂದೆ. ಇದು ಯಾರಿಗೂ ಗೊತ್ತಿಲ್ಲದ ವಿಷಯವೇ ಅಂತ ನನಗೇ ಆಶ್ಚರ್ಯ.

ಆ ಭಾನುವಾರ ಅವರು ನಮ್ಮ ಮನೆಗೆ ಬಂದರು. ಅಜ್ಜಿ ನೆಲದೊಳಗಿನ ಹಗೇವಿನಿಂದ ತೆಗೆಸಿದ ರಾಗಿಯನ್ನು ಸೇರಿನಲ್ಲಿ ಅಳೆಯುತ್ತಿದ್ದರು. ಮೊದಲನೇ ಸೇರನ್ನು ಬಾಯಿ ಮುಚ್ಚಿಕೊಂಡು ದೇವರ ಪಟದ ಕೆಳಗಿನ ಬುಟ್ಟಿಗೆ ಸುರಿದರು. ಎರಡನೇ ಸೇರು ಚೀಲಕ್ಕೆ ಬಿದ್ದಾಗ "ಒಂದು" ಅಂದರು. ನಾನು ಎಣಿಸುವುದು ಕಲಿತದ್ದು ಅವರ ತೊಡೆಯ ಪಕ್ಕ ಕೂತು. ಮೇಷ್ಟ್ರು ಬಾಗಿಲಲ್ಲೇ ನಿಂತು ನೋಡಿದರು, ಮಜ್ಜಿಗೆ ಕುಡಿದರು, ಹೊರಗೆ ಬಂದು ನನ್ನನ್ನು ಕರೆದರು.

"ನೀನು ದಡ್ಡಿ ಅಲ್ಲ ಕಣಮ್ಮ. ದೇವರದ್ದನ್ನೂ ಎಣಿಸು. ಎಣಿಸಿ ಆಮೇಲೆ ಕೊಡು. ದೇವರೇನು ಬೇಡ ಅನ್ನಲ್ಲ."

ನನಗೆ ಎರಡು ದಿನ ಸಾಕಾಯಿತು. ಮೂರನೇ ದಿನ ಒಂಬತ್ತು ಬೀಜಕ್ಕೆ ಒಂಬತ್ತು ಅಂದೆ. ಅವರು ಮೊದಲ ಸಲ ಮುಖದಲ್ಲಿ ಏನೋ ತೋರಿಸಿದರು. ನನಗಾದ ಸಂತೋಷವನ್ನು ಹೇಗೆ ಹೇಳಲಿ… ಆ ವಾರವೆಲ್ಲ ಕಂಡದ್ದನ್ನೆಲ್ಲ ಎಣಿಸಿಕೊಂಡು ತಿರುಗಿದೆ. ಕೋಳಿಮರಿ, ಮನೆಯ ತೊಲೆ, ಅಮ್ಮನ ಬಳೆ.

ಹೆಡ್ಮಾಸ್ಟರಿಗೆ ಇದೊಂದೂ ಹಿಡಿಸಲಿಲ್ಲ. ಬೇರೆ ಸ್ಕೂಲಿನ ಮಕ್ಕಳು ಅಷ್ಟು ಹೊತ್ತಿಗೆ ಏಳರ ಮಗ್ಗಿ ಒಪ್ಪಿಸುತ್ತಿದ್ದರು, ನಾವು ಬೀಜ ಆಡಿಸುತ್ತಿದ್ದೆವು. ಒಂದು ದಿನ ನಮ್ಮೆದುರಿಗೇ ಮೇಷ್ಟ್ರನ್ನು ಗದರಿದರು.

"ಇನ್‌ಸ್ಪೆಕ್ಟರ್ ಮುಂದೆ ಈ ಮಕ್ಳು ಬಾಯಿ ಬಿಡ್ಲಿಲ್ಲ ಅಂದ್ರೆ ನಿಮ್ಮನ್ನ ಇಲ್ಲಿಂದ ಎತ್ತಾಕ್ತಾರೆ. ಆಮೇಲೆ ನಿಮ್ಮ ತಾಯೀನ ಯಾರ್ ನೋಡ್ಕೋತಾರೆ?"

ನಾನು ಮುಂದಿನ ಸಾಲಿನಲ್ಲೇ ಕೂತಿದ್ದೆ. ಎಲ್ಲ ಕೇಳಿಸಿಕೊಂಡೆ, ಎಲ್ಲ ಅರ್ಥವಾಯಿತು. ನನಗೆ ಗೊತ್ತಿರಲಿಲ್ಲ ಅಂತ ಇವತ್ತು ಹೇಳುವ ಹಾಗಿಲ್ಲ.

ಇನ್‌ಸ್ಪೆಕ್ಟರು ಬರುವ ಹಿಂದಿನ ದಿನ ನನ್ನ ತಮ್ಮನಿಗೆ ಜ್ವರ ಬಂತು. ಇನ್ನೂ ಅಂಬೆಗಾಲಿಡುವ ಕೂಸು. ಮೈ ಕೆಂಡವಾಗಿ, ಹಾಲು ಕುಡಿಯದೆ ಕಣ್ಣು ಮೇಲೆ ಮಾಡಿಕೊಂಡು ಮಲಗಿತ್ತು. ನಾನು ಮೂಲೆಯಲ್ಲಿ ಕೂತು ಬೀಜ ಎಣಿಸುತ್ತಿದ್ದೆ. ಅಜ್ಜಿ ಬಂದು ನಿಂತು ಕೇಳಿಸಿಕೊಂಡರು. ಮೊದಲ ಬೀಜಕ್ಕೇ ನಾನು ಒಂದು ಅಂದದ್ದು ಅವರ ಕಿವಿಗೆ ಬಿತ್ತು.

"ಅದು ದೇವುಡಿದಿ ಕಣೇ! ದೇವರ ಪಾಲು ಲೆಕ್ಕಕ್ಕೆ ಹಾಕ್ತೀಯಾ? ಅದಕ್ಕೇ ಮಗೂಗೆ ಹಿಂಗಾಗಿರೋದು."

ಬೈದರೂ ದನಿ ಏರಿಸಲಿಲ್ಲ. ಹೆದರಿ ಹೇಳಿದ್ದರು. ಅದಕ್ಕೇ ನಾನೂ ಹೆದರಿದೆ. ಬೆಳಗ್ಗೆ ಎದ್ದಾಗಲೂ ಕೂಸಿನ ಜ್ವರ ಇಳಿದಿರಲಿಲ್ಲ.

ಇನ್‌ಸ್ಪೆಕ್ಟರು ಮಗ್ಗಿ ಕೇಳಿದರು. ಹುಡುಗರು ನಾಲ್ಕರವರೆಗೆ ಹೇಗೋ ದಬ್ಬಿಕೊಂಡು ಹೋಗಿ ಐದರಲ್ಲಿ ಕೂತುಬಿಟ್ಟರು. ಈ ಮೇಷ್ಟ್ರು ತಿಂಗಳುಗಟ್ಟಲೆ ಏನು ಮಾಡಿದ್ದಾರೆ ಅಂತ ಅವರು ಹೆಡ್ಮಾಸ್ಟರ ಕಡೆ ತಿರುಗಿದರು. ಆಗ ನಮ್ಮ ಮೇಷ್ಟ್ರು ಮುಂದೆ ಬಂದು, ಈ ಮಗುವನ್ನು ಕೇಳಿ ಸಾರ್, ಎರಡು ವರ್ಷ ಎಲ್ಲರೂ ದಡ್ಡಿ ಅಂದಿದ್ದ ಮಗು ಅಂದರು. ನನ್ನನ್ನು ತೋರಿಸಿದರು. ಮೇಜಿನ ಮೇಲೆ ಒಂಬತ್ತು ಬೀಜ ಇಟ್ಟರು. ನನ್ನ ಮೇಲೆ ಅಷ್ಟು ನಂಬಿಕೆ.

ಒಂಬತ್ತು ಅಂತ ನನಗೆ ಎಣಿಸದೆಯೇ ಗೊತ್ತಿತ್ತು. ಒಂಬತ್ತು ಅಂದರೆ ಮೇಷ್ಟ್ರು ಉಳಿಯುತ್ತಾರೆ, ತಮ್ಮ ಹೋಗುತ್ತಾನೆ. ಎಂಟು ವರ್ಷದ ತಲೆಯಲ್ಲಿ ಅಷ್ಟೇ ಇದ್ದದ್ದು. ಮೊದಲ ಬೀಜವನ್ನು ಪಕ್ಕಕ್ಕೆ ಸರಿಸಿ, ಎಂಟು ಅಂದೆ.

"ಹೆಂಗೆ ಬಂತು ಹೇಳಮ್ಮ," ಅಂದರು ಮೇಷ್ಟ್ರು. ದನಿ ಸಣ್ಣಗಾಗಿತ್ತು. ನಾನು ನೆಲ ನೋಡಿದೆ. ಇನ್‌ಸ್ಪೆಕ್ಟರು ಸಾಕು ಎನ್ನುವಂತೆ ಕೈ ಎತ್ತಿದರು. ಮೇಷ್ಟ್ರು ಬೀಜಗಳನ್ನು ಬಾಚಿ ಚೀಲಕ್ಕೆ ಹಾಕಿಕೊಂಡರು.

ಸಂಜೆಗೆ ತಮ್ಮನ ಜ್ವರ ಬಿಟ್ಟಿತು. ತಿಂಗಳೊಳಗೆ ಮೇಷ್ಟ್ರಿಗೆ ನಗರಗೆರೆಗೆ ವರ್ಗವಾಯಿತು. ಗೌರಿಬಿದನೂರು ದಾಟಿ ಹೋಗಬೇಕು, ನಮ್ಮ ಪಾಲಿಗೆ ಆಗ ಅದು ಸೀಮೆಯಾಚೆ. ತಾಯಿಯನ್ನೂ ಕರೆದುಕೊಂಡು ಹೋದರಂತೆ, ಮಳೆಗಾಲ ಮುಗಿಯುವುದರೊಳಗೆ ಆಕೆ ಅಲ್ಲೇ ತೀರಿಕೊಂಡರಂತೆ. ಗೊತ್ತಿಲ್ಲದ ಮನೆಯಲ್ಲಿ ಗೋಡೆ ತಡವಿಕೊಂಡು ಓಡಾಡುತ್ತ ಬಿದ್ದರು ಅಂತ ಯಾರೋ ಅಂದರು. ಈ ಸುದ್ದಿ ಕೇಳಿದಾಗ ನಾನು ಮುದ್ದೆ ಉಣ್ಣುತ್ತಿದ್ದೆ. ಉಂಡು ತಟ್ಟೆ ತೊಳೆದಿಟ್ಟೆ. ಅಳು ಬರಲಿಲ್ಲ. ಆಮೇಲೂ ಬರಲಿಲ್ಲ… ಒಳಗೆ ಎಲ್ಲೋ ಜೋಮು ಹಿಡಿದದ್ದು ಹಾಗೇ ಉಳಿದುಬಿಟ್ಟಿತು.

ಇಪ್ಪತ್ತು ವರ್ಷದ ಹಿಂದೆ ಆ ತಮ್ಮನ ಮಗಳ ಮದುವೆ ಗೌರಿಬಿದನೂರಿನಲ್ಲಾಯಿತು. ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತ ಹೆಂಗಸು ಮಾತಿಗೆಳೆದರು. ನಗರಗೆರೆಯವರು, ಅಪ್ಪ ಅಲ್ಲೇ ಮೇಷ್ಟ್ರಾಗಿದ್ದು ರಿಟೈರಾದರು, ತೀರಿಹೋಗಿ ಎರಡು ವರ್ಷವಾಯಿತು ಅಂದರು. ಮೊದಲು ಎಲ್ಲಿದ್ದರು ಅಂತ ಕೇಳಿದೆ. ನಮ್ಮೂರಿನ ಹೆಸರು ಹೇಳಿದರು.

"ಅಲ್ಲಿ ಒಂದ್ ಹುಡುಗಿ ಇತ್ತಂತೆ. ಕೊನೇವರೆಗೂ ಹೇಳ್ತಿದ್ರು ನಮ್ಮಪ್ಪ. ಸಾಹೇಬರ ಮುಂದೆ ನಿಲ್ಲಿಸಿ ಆ ಮಗೂನ ಹೆದರಿಸ್ಬಿಟ್ಟೆ, ನನ್ನದೇ ತಪ್ಪು ಅಂತ. ಆಮೇಲೆ ಯಾವ ಮಗೂನೂ ಯಾರ ಮುಂದೇನೂ ನಿಲ್ಲಿಸ್ಲಿಲ್ಲ ಅವರು."

ನನ್ನ ತಮ್ಮ ಎದುರಿಗೇ ನಿಂತು, ನಮ್ಮಕ್ಕನ ಎಲೆಗೆ ಇನ್ನೊಂದು ಒಬ್ಬಟ್ಟು ಹಾಕ್ರಪ್ಪ ಅಂತ ಬಡಿಸುವವರಿಗೆ ಕೂಗಿ ಹೇಳುತ್ತಿದ್ದ. ನಾನು ಆಕೆಗೆ, ಹೌದಾ ಅಂದೆ. ಒಬ್ಬಟ್ಟು ತಿಂದೆ. ಕೈ ತೊಳೆಯುವಾಗಲೂ ಆಕೆ ಪಕ್ಕದಲ್ಲೇ ಇದ್ದರು, ಆಗಲೂ ಹೇಳಬಹುದಿತ್ತು.

ಈಗ ಆಕೆಯೂ ಎಲ್ಲಿದ್ದಾರೋ ತಿಳಿಯದು. ಕಿಟಕಿ ಮುಚ್ಚೋಣ ಅಂತ ಎದ್ದವಳು ಇಷ್ಟು ಬರೆಯಲು ಕೂತೆ. ಮೇಷ್ಟ್ರು ಅಷ್ಟು ವರ್ಷ ತಮ್ಮದಲ್ಲದ ತಪ್ಪನ್ನು ತಮ್ಮದು ಅಂದುಕೊಂಡು ಬದುಕಿ, ಹಾಗೇ ಹೋದರು. ಅಲ್ಲ ಅಂತ ಹೇಳಬಲ್ಲವಳು ಲೋಕದಲ್ಲಿ ನಾನೊಬ್ಬಳೇ ಇದ್ದೆ, ಮತ್ತು ನನಗೆ ಅಷ್ಟು ವರ್ಷವೂ ನಗರಗೆರೆಗೆ ಹೋಗುವ ಬಸ್ಸು ಯಾವುದು ಅಂತ ಗೊತ್ತಿತ್ತು.